ಆರೂಕಾಲರ ಬಸ್ಸಿಗೆ ಬಂದ ಕಾರು

“ನಮಸ್ಕಾರ ಸರ್, ಅಭಿನಂದನೆಗಳು. ನಿಮಗೆ ಕಾರು ಬಂದಿದೆ.”

“ಬರ್ಲಿ ಬಿಡ್ರಿ,” ಅಂದಿತು ಆ ಕಡೆಯ ದನಿ. “ಓಟಿಪಿ ಯಾವಾಗ ಕೇಳ್ತೀರಿ?”

“ಓಟಿಪಿ ಎಲ್ಲ ಬೇಡ ಸರ್. ನೀವು ಒಂದ್ಸಲ ನಮ್ಮ ಶೋರೂಮಿಗೆ ಬಂದ್ರೆ...”

“ಮೇಡಮ್ಮಾರ, ನಿಮ್ಮ ದನಿ ಭಾಳ ಚಲೋ ಐತ್ರಿ. ಇಂಥ ದನಿ ಇಟ್ಕೊಂಡು ಮಂದಿಗೆ ಟೋಪಿ ಹಾಕೂ ಕೆಲಸ ಯಾಕ್ರಿ? ಬ್ಯಾರೆ ಏನರ ನೋಡ್ರಿ.”

ಫೋನು ಕಟ್ಟಾಯಿತು. ಮೂರು ದಿನದಲ್ಲಿ ಇದು ಐದನೆಯ ಸಲ. ಗಂಗಾ ರಿಸೀವರ್ ಇಟ್ಟು, ಕೌಂಟರಿನ ಮರೆಯಲ್ಲಿ ಚಪ್ಪಲಿ ಕಳಚಿ, ಉರಿಯುವ ಪಾದಗಳನ್ನು ತಣ್ಣನೆಯ ಟೈಲ್ಸ್ ಮೇಲೆ ಊರಿದಳು. ಬೆಳಿಗ್ಗೆ ಒಂಬತ್ತೂವರೆಯಿಂದ ನಿಂತ ಪಾದಗಳವು. ಶಿರಸಿಯ ಆ ಮಳಿಗೆಯಲ್ಲಿ ನಲವತ್ತು ಬಗೆಯ ಸೋಫಾ ಇದ್ದವು, ಆದರೆ ಮಾರುವವರು ಕೂರುವ ಹಾಗಿರಲಿಲ್ಲ.

ಟಿವಿ, ಫ್ರಿಜ್ಜು, ಮಂಚ, ಮಿಕ್ಸರು ಎಲ್ಲ ಮಾರುವ ಮಳಿಗೆ. ನಾಲ್ಕು ವರ್ಷದಿಂದ ಅವಳ ಬಾಯಲ್ಲಿ ಒಂದೇ ಮಾತು: “ಇದು ಈಗ ಎಲ್ಲರ ಮನೇಲೂ ಉಂಟು, ನಿಮ್ಮನೇಲಿ ಮಾತ್ರ ಇಲ್ಲ.” ಆ ಮಾತಿಗೆ ಸೋಲದವರು ಕಡಿಮೆ. ಬೇಡ ಅನ್ನುತ್ತಲೇ ಬಂದವರು ಡಬಲ್ ಡೋರ್ ಫ್ರಿಜ್ ಹೇರಿಸಿಕೊಂಡು ಹೋಗುತ್ತಿದ್ದರು. ಗೆದ್ದ ಖುಷಿ ಮೊದಮೊದಲು ಇತ್ತು. ಈಗ ಅವಳಿಗೆ ಬರೀ ಸುಸ್ತು.

ದೀಪಾವಳಿಯ ಲಕ್ಕಿ ಡ್ರಾದ ಮೊದಲ ಬಹುಮಾನ, ಕೆಂಪು ರಿಬ್ಬನ್ ಸುತ್ತಿಸಿಕೊಂಡ ಬಿಳಿ ಕಾರು, ಬಾಗಿಲಲ್ಲೇ ನಿಂತಿತ್ತು. ಅರ್ಧ ಊರು ಅದರ ಜೊತೆ ಸೆಲ್ಫಿ ತೆಗೆದುಕೊಂಡಾಗಿತ್ತು. ಗೆದ್ದವನು ಮಾತ್ರ ಫೋನಿನಲ್ಲಿ ಅವಳಿಗೆ ಬುದ್ಧಿ ಹೇಳುತ್ತಿದ್ದ.

ಮಾಲೀಕ ಶಶಾಂಕ ಅವಳಿಗಿಂತ ಐದು ವರ್ಷ ಚಿಕ್ಕವನು. ರೀಲ್ಸ್‌ನಲ್ಲಿ ನಗುವುದನ್ನು ಬಿಟ್ಟರೆ ಬೇರೆಲ್ಲೂ ನಗದವನು.

“ಗಂಗಕ್ಕ, ಮುಂದಿನ ಭಾನುವಾರ ಫಂಕ್ಷನ್. ಆ ಮನುಷ್ಯ ಕಾರಿನ ಎದುರು ನಿಂತು ಫೋಟೋ ಕೊಡ್ಬೇಕು. ಇಲ್ದಿದ್ರೆ ಊರವರೆಲ್ಲ ಡ್ರಾನೇ ಸುಳ್ಳು ಅಂತಾರೆ. ಡ್ರಾ ಕೆಲಸ ನಿಮ್ಮದು. ಅವನು ಬರದಿದ್ರೆ ಸೋಮವಾರದಿಂದ ನೀವೂ ಬರೂದು ಬ್ಯಾಡ.”

ಕಂಪ್ಯೂಟರಿನಲ್ಲಿದ್ದದ್ದು ಹೆಸರು ಮತ್ತು ನಂಬರು ಮಾತ್ರ. ಗಂಗಾ ಡಬ್ಬ ತೆಗೆದು ಮೂಲ ಕೂಪನ್ನನ್ನೇ ಹುಡುಕಿದಳು. ಹಬ್ಬದ ಗಡಿಬಿಡಿಯಲ್ಲಿ ಯಾರೋ ಗೀಚಿದ ಅಕ್ಷರ. ಹೆಸರು: ಅಂದಾನಪ್ಪ. ಖರೀದಿ: ಮಿಕ್ಸರ್. ವಿಳಾಸ: ಆರೂಕಾಲರ ದಾಸನಕೊಪ್ಪ ಬಸ್ಸು.

ಅವಳು ಆ ಚೀಟಿಯನ್ನು ಮತ್ತೊಮ್ಮೆ ಓದಿದಳು. ಅದು ಅವಳು ದಿನಾ ಮನೆಗೆ ಹೋಗುವ ಬಸ್ಸು.

*

ದಾಸನಕೊಪ್ಪದ ಬಸ್ಸು ಇಸಳೂರಿನ ಮೇಲೆ ಹೋಗುತ್ತದೆ. ಇಸಳೂರಿನ ಹೊಸ ಮನೆಗಳ ಸಾಲಿನಲ್ಲಿ ಗಂಗಾಳ ಅಣ್ಣ ಸತೀಶನ ಮನೆ. ನಾಲ್ಕು ವರ್ಷದಿಂದ ಅವಳು ಕೂರುವುದು ಎಡಗಡೆಯ ಎರಡನೆಯ ಸೀಟಿನಲ್ಲಿ. ಅಲ್ಲಿಂದ ಡ್ರೈವರನ ಖಾಕಿ ಕಾಲರು, ಕುತ್ತಿಗೆಗೆ ಸುತ್ತಿದ ಟವೆಲು, ಮೇಲಿನ ಕನ್ನಡಿಯಲ್ಲಿ ಒಂದು ಜೊತೆ ಕಣ್ಣು ಕಾಣುತ್ತಿದ್ದವು. ಅಷ್ಟೇ ಪರಿಚಯ. ಆ ಕಣ್ಣುಗಳು ಆಗಾಗ ಹಿಂದೆ ನೋಡುತ್ತಿದ್ದವು, ಅವಳು ಆಗಾಗ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅವತ್ತು ಆರು ಗಂಟೆಗೆ ಬಸ್ಸು ಪ್ಲಾಟ್‌ಫಾರ್ಮಿಗೆ ಬಂದಿತ್ತು, ಒಳಗೆ ಹೆಚ್ಚು ಜನ ಇರಲಿಲ್ಲ. ಅವಳು ತನ್ನ ಸೀಟಿನಲ್ಲಿ ಕೂತು ಆ ನಂಬರು ಒತ್ತಿದಳು. ಡ್ರೈವರನ ಎದುರು, ಗಣಪತಿಯ ಪಕ್ಕದಲ್ಲಿದ್ದ ಹಳೇ ಬಟನ್ ಫೋನು ಕಿರುಚಿಕೊಂಡಿತು. “ನಮಸ್ಕಾರ ಸರ್,” ಅಂದಳು.

“ಮೇಡಮ್ಮಾರ, ಮತ್ತ ನೀವ?”

“ಹೌದು, ನಾನೇ. ಹಿಂದೆ ತಿರುಗಿ.”

ಅವನು ತಿರುಗಿದ. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಕಣ್ಣುಗಳಿಗೆ ಒಂದು ಇಡೀ ಮುಖ ಬಂತು. ಮೂವತ್ತೇಳು ಮೂವತ್ತೆಂಟರ ಮುಖ. ಕಿವಿಯ ಹತ್ತಿರ ನರೆ, ಗದ್ದದ ಮೇಲೆ ಕನ್ನಡಿಯಲ್ಲಿ ಕಾಣದ ಒಂದು ಸಣ್ಣ ಗಾಯದ ಗುರುತು. ಫೋನು ಇನ್ನೂ ಕಿವಿಯಲ್ಲೇ ಇತ್ತು.

“ಅಯ್ಯ! ಇಸಳೂರು ಮೇಡಮ್ಮಾರು!” ಅಂದ ಫೋನಿನಲ್ಲೇ. “ಮಂದಿಗೆ ಟೋಪಿ ಹಾಕೂದು ನೀವೇನ್ರಿ?”

ಅವಳು ಎದ್ದು ಹೋಗಿ ಕೂಪನ್ ತೋರಿಸಿದಳು. ಅವನು ಟ್ಯೂಬ್‌ಲೈಟಿಗೆ ಹಿಡಿದು ಓದಿದ.

“ಖರೇ ಕಾರೇನ್ರಿ?”

“ಖರೇ. ತೆರಿಗೆ ಸೈತ ಅಂಗಡಿಯವ್ರೇ ಕಟ್ತಾರೆ.”

“ಹಂಗಾರ ಬ್ಯಾಡ್ರಿ,” ಅಂದ ಅಂದಾನಪ್ಪ. “ಸುಳ್ಳಿದ್ರ ಬೈದು ಬಿಡಬೌದಿತ್ತು. ಖರೇ ಅಂದ್ರ ತ್ರಾಸು.”

ಗಂಗಾಳಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಅನ್ನಿಸಿತು. “ಕಾರು ಬ್ಯಾಡ್ವಾ?”

“ದಿನಾ ಎಂಟು ತಾಸು ಸ್ಟೀರಿಂಗ್ ಹಿಡೀತೇನ್ರಿ. ರಜಾದಿನಾನೂ ಹಿಡಿ ಅಂದ್ರ ಯಾವ ನ್ಯಾಯ? ಮ್ಯಾಲೆ ಅದು ನಂದಲ್ರಿ. ಮಿಕ್ಸರು ನಾಗಜ್ಜಿದು.”

ಈ ದಾರಿಯಲ್ಲಿ ಅದೊಂದು ರೂಢಿ. ಪೇಟೆಗೆ ಹೋಗಿ ಬರಲಾಗದವರು ಸ್ಟಾಪಿನಲ್ಲಿ ಕಾದು ನಿಂತು ಡ್ರೈವರನ ಕೈಗೆ ಚೀಟಿ ಕೊಡುತ್ತಾರೆ. ಬಿಪಿ ಮಾತ್ರೆ, ಹೊಲಿಗೆ ಮಷೀನಿನ ಬೆಲ್ಟು, ಕನ್ನಡಕದ ಕಾಲು. ಸಂಜೆಯ ಟ್ರಿಪ್ಪಿನಲ್ಲಿ ಅದು ಬಾನೆಟ್ ಮೇಲೆ ಕೂತು ಬರುತ್ತದೆ. ಇಸಳೂರಿನ ಆಚೆ, ಮಾವಿನಮರದ ಸ್ಟಾಪಿನ ನಾಗಿ ಎಂಬ ಅಜ್ಜಿ ಹಬ್ಬಕ್ಕೆ ಮಿಕ್ಸರು ತರಿಸಿಕೊಂಡಿದ್ದಳು. ಅಂಗಡಿಯವರು ಹೆಸರು ಕೇಳಿದಾಗ ಇವನು ತನ್ನ ಹೆಸರು ಹೇಳಿದ್ದ, ವಿಳಾಸ ಕೇಳಿದಾಗ ಬಸ್ಸು ತೋರಿಸಿದ್ದ.

ಅವತ್ತು ಗಂಗಾ ಇಸಳೂರಿನಲ್ಲಿ ಇಳಿಯದೆ ಮುಂದಕ್ಕೆ ಹೋದಳು. ನಾಗಜ್ಜಿಯೇ ಒಪ್ಪಿದರೆ ಕೆಲಸ ಉಳಿಯುತ್ತದಲ್ಲ ಎಂಬ ಆಸೆ. ಮಾವಿನಮರದ ಬುಡದಲ್ಲಿ ಅಜ್ಜಿ ಮಾತ್ರೆಯ ಪೊಟ್ಟಣಕ್ಕೆ ಕಾಯುತ್ತ ನಿಂತಿದ್ದಳು. ಅಲ್ಲಿ ಕೂರಲು ಒಂದು ಕಲ್ಲೂ ಇರಲಿಲ್ಲ.

“ನಾಗಜ್ಜಿ, ನಿಂಗ ಕಾರು ಬಂದೈತಿ!” ಅಂದಾನಪ್ಪ ಕಿಟಕಿಯಿಂದ ಕೂಗಿದ.

“ಎಂತದು?”

“ಕಾರು, ಕಾರು!”

“ಎಂತಕ್ಕೆ ಮಗಾ? ಆ ಮಿಕ್ಸರ್ ಗಲಾಟೆಯೇ ತಡ್ಕಳೂಕೆ ಆಗ್ತಿಲ್ಲ. ನೀನೇ ಇಟ್ಕ,” ಅಂದಳು ನಾಗಜ್ಜಿ. “ಮಾತ್ರೆ ತಂದ್ಯ?”

ಇಡೀ ಬಸ್ಸು ನಕ್ಕಿತು. ಗಂಗಾಳಿಗೂ ನಗು ಬಂತು, ಎಷ್ಟೋ ತಿಂಗಳ ಮೇಲೆ. ಕನ್ನಡಿಯಲ್ಲಿ ಅವನ ಕಣ್ಣು ಅವಳ ನಗುವನ್ನು ಕಂಡಿತು. ಈ ಸಲ ಅವಳು ಕಿಟಕಿಯ ಹೊರಗೆ ನೋಡಲಿಲ್ಲ.

*

ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಹದಿನೈದು ನಿಮಿಷ. ಆರಕ್ಕೆ ಬಸ್ಸು ಬಂದು ನಿಲ್ಲುವುದು, ಆರೂಕಾಲಕ್ಕೆ ಹೊರಡುವುದು. ಹೊರಟ ಮೇಲೆ ಡ್ರೈವರನ ಜೊತೆ ಮಾತಾಡಬಾರದು ಅಂತ ಅವನ ತಲೆಯ ಮೇಲೆಯೇ ಬರೆದಿತ್ತು. ಅಂದಾನಪ್ಪ ಅಂಥ ವಿಷಯದಲ್ಲಿ ಕಟ್ಟುನಿಟ್ಟು.

ಮೊದಲ ಎರಡು ದಿನ ಅವಳು ಕಾರು ಮಾರಿದಳು.

“ಈಗ ಎಲ್ಲರ ಮನೇಲೂ ಉಂಟು...”

“ಅದಕ್ಕ ನಮ್ಮನ್ಯಾಗ ಜಾಗ ಉಳದೈತ್ರಿ.”

“ಮಳೇಲಿ ನೆನೆಯೂದು ತಪ್ತದೆ.”

“ನಾ ಬಸ್ಸಿನ್ಯಾಗ ಇರ್ತೇನ್ರಿ. ನೆನೆಯೂದ್ಯಾವಾಗ?”

ಮೂರನೆಯ ದಿನ ಅವಳು ಮಾರುವುದನ್ನು ಬಿಟ್ಟು ಸುಮ್ಮನೆ ಬಂದು ಬಾನೆಟ್ಟಿನ ಪಕ್ಕದ ಉದ್ದ ಸೀಟಿನಲ್ಲಿ ಕೂತಳು. ಅವನು ಎರಡು ಪೇಪರ್ ಕಪ್ಪಿನಲ್ಲಿ ಚಹಾ ತಂದಿದ್ದ. ಅದು ಹೇಗೋ ಒಂದು ಆಟವಾಯಿತು: ತನಗೆ ಬೇಡದ ಒಂದೊಂದನ್ನು ಹೇಳುವುದು.

“ದೊಡ್ಡ ಫೋನು,” ಅಂದ ಅವನು.

“ಪ್ರೀ-ವೆಡ್ಡಿಂಗ್ ಶೂಟು,” ಅಂದಳು ಇವಳು. “ಫಾಲ್ಸಿನೆದುರು ಗೌನ್ ಹಾಕ್ಕೊಂಡು ಹಲ್ಲು ಕಿರಿಯೂದು.”

“ಗೋವಾ ಟ್ರಿಪ್ಪು.”

“ಚಿನ್ನದ ಡಾಬು. ಸೊಂಟಕ್ಕೆ ಭಾರ.”

“ಮ್ಯಾಲಂತಸ್ತಿನ ಮನಿ. ಹತ್ತಿ ಇಳಿಯಾಕ ಯಾರ ಕಡೆ ಆಕ್ಕೈತ್ರಿ?”

“ಪ್ಲಾಸ್ಟಿಕ್ ಕವರ್ ತೆಗೆಯದ ಸೋಫಾ. ನಮ್ಮಣ್ಣನ ಮನೇಲಿ ಉಂಟು. ಕೂತ್ರೆ ಕರಕರ ಅಂತದೆ. ಅದ್ರ ಎದುರು ಆರು ವರ್ಷದಿಂದ ಕಾಫಿ ಟ್ರೇ ಹಿಡ್ಕೊಂಡು ನಿಲ್ತಾ ಇದ್ದೇನೆ. ಬಂದವ್ರೆಲ್ಲ ಕಾರಲ್ಲೇ ಬರ್ತಾರೆ, ಕಾರಿನ ಮಾತೇ ಆಡ್ತಾರೆ, ಹೋಗ್ತಾರೆ.”

ಅವನು ಚಹಾ ಕಪ್ಪಿನ ಅಂಚನ್ನು ಮಡಚುತ್ತ ಕೂತ. “ನನಗೂ ಒಂದು ಸಂಬಂಧ ಗೊತ್ತಾಗಿತ್ರಿ. ಹುಡುಗಿ ಕಡೆಯವ್ರು ಕಾರು ತಗೊಳ್ಳಿ ಅಂದ್ರು. ನಾ ಯಾಕ ಅಂದೆ. ಅಷ್ಟಕ್ಕ ಮುರೀತು.” ಕಪ್ಪನ್ನು ಕೆಳಗಿಟ್ಟು, “ಆಟ ಸಾಕ್ರಿ. ಬೇಕಾದ್ದೇನು, ಅದನ್ನ ಹೇಳ್ರಿ,” ಅಂದ.

ಗಂಗಾ ಯೋಚಿಸಿದಳು. ದಿನಾ ಅಷ್ಟು ಜನರಿಗೆ ಬೇಕು ಅನ್ನಿಸುವವಳಿಗೆ ತನಗೇನು ಬೇಕೆಂಬುದು ತಕ್ಷಣ ಹೊಳೆಯಲಿಲ್ಲ.

“ಕೂರ್ಬೇಕು,” ಅಂದಳು ಕೊನೆಗೆ. “ಯಾರೂ ಏಳು ಅನ್ನದೇ ಇದ್ದ ಕಡೆ, ಸ್ವಲ್ಪ ಹೊತ್ತು.”

ಅವನು ನಗಲಿಲ್ಲ. ಅವಳನ್ನೇ ನೋಡಿದ. ಕನ್ನಡಿಯಿಲ್ಲದೆ ಅಷ್ಟು ಹತ್ತಿರದಿಂದ ಯಾರಾದರೂ ಹಾಗೆ ನೋಡಿದರೆ ಎಲ್ಲಿ ನೋಡಬೇಕೆಂದು ತಿಳಿಯದೆ ಅವಳು ಖಾಲಿ ಕಪ್ಪನ್ನೇ ಮತ್ತೊಮ್ಮೆ ಕುಡಿದಳು. ಆರೂಕಾಲಾಯಿತು. ಕಂಡಕ್ಟರ್ ಶಂಕ್ರಪ್ಪ ಸೀಟಿ ಊದಿದ. ಇಸಳೂರು ಬರುವವರೆಗೆ ಅವಳಿಗೆ ಒಂದೇ ಯೋಚನೆ: ಭಾನುವಾರ ಇವನು ಬರದಿದ್ದರೆ ನನ್ನ ಕೆಲಸ ಹೋಗುತ್ತದೆ, ಬಂದರೆ ಎಲ್ಲರಂತಾಗಿ ಇವನೇ ಹೋಗುತ್ತಾನೆ. ಮೂವತ್ಮೂರು ವರ್ಷಕ್ಕೆ ಮೊದಲ ಸಲ ಅವಳಿಗೆ ಏನೋ ಒಂದು ಬೇಕಾಗಿತ್ತು, ಅದು ಈ ಬೇಡ ಅನ್ನುವ ಮನುಷ್ಯ.

ಕೆಲಸದ ಬೆದರಿಕೆಯನ್ನು ಅವಳು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಬೇಡದ್ದನ್ನೂ ಹೊತ್ತುಕೊಳ್ಳುತ್ತಿದ್ದನೆಂದು ಗೊತ್ತಿತ್ತು. ಮನೆಯಲ್ಲಿ ಸತೀಶನಿಗೆ ಮಾತ್ರ ಅದನ್ನು ಹೇಳಿದ್ದಳು; ಡ್ರೈವರನ ಜೊತೆಗಿನ ಚಹಾದ ಮಾತು ಅವನ ಕಿವಿಗೆ ತಾನೇ ಬಿದ್ದಿತ್ತು. ಬಸ್ಸಿನ ಸುದ್ದಿ ಇಸಳೂರಿಗೆ ಬರಲು ಹೊತ್ತು ಬೇಕಿಲ್ಲ.

“ನಂದೊಳ್ಳಿಯಿಂದ ಒಂದು ಸಂಬಂಧ ಬಂದದೆ,” ಅಂದ ಅಣ್ಣ. “ಫಂಕ್ಷನ್ ಆಗಿ ಮುಂದಿನ ಭಾನುವಾರ ನೋಡೂಕೆ ಬರ್ತಾರೆ. ಈ ಸಲ ಬ್ಯಾಡ ಅನ್ಬೇಡ, ನಂಗೂ ಸಾಕಾಗಿದೆ.”

ಅವನಿಗೂ ಸುಸ್ತಾಗಿದೆ ಎಂಬುದು ಅವಳಿಗೆ ಕಾಣುತ್ತಿತ್ತು.

*

ಭಾನುವಾರ ಅಂದಾನಪ್ಪ ಬಂದ.

ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಶರ್ಟು, ಎಣ್ಣೆ ಹಚ್ಚಿ ಬಾಚಿದ ತಲೆ. ಶಶಾಂಕ ಓಡಿ ಹೋಗಿ ಅವನಿಗೆ ಹಾರ ಹಾಕಿ ಆಳೆತ್ತರದ ಥರ್ಮೊಕೋಲ್ ಕೀಲಿ ಹಿಡಿಸಿದ. ಮೇಲೆ ಡ್ರೋನು ಗುಂಯ್‌ಗುಟ್ಟಿತು. “ಹೇಗನ್ನಿಸ್ತಿದೆ ಸರ್?” ಅಂದರೆ, “ಚಲೋ ಐತ್ರಿ,” ಅಂದ. ಗಂಗಾ ಟೇಬಲ್ಲಿನ ಹಿಂದೆ ಕಾಗದ ತುಂಬಿಸುತ್ತಿದ್ದಳು. ಸಹಿ ಹಾಕಲು ಬಂದವನು ಏನೋ ಹೇಳಲು ಬಾಯಿ ತೆರೆದ. ಅವಳು ತಲೆ ಎತ್ತದೆ, “ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ,” ಅಂತ ಬೆರಳಿಟ್ಟು ತೋರಿಸಿದಳು.

ಅವಳ ಕೆಲಸ ಉಳಿದಿತ್ತು. ಗೋಡೌನಿಗೆ ಹೋಗಿ ಪ್ಯಾಕ್ ಬಿಚ್ಚದ ವಾಷಿಂಗ್ ಮಷೀನುಗಳ ನಡುವೆ ನಿಂತಾಗ ಅವಳಿಗೆ ಅಳು ಬಂತು. ಎಲ್ಲರಂತೆ ಇವನೂ. ಎರಡು ವಾರ ತಡವಾಯಿತು, ಅಷ್ಟೇ.

ಮರುದಿನದಿಂದ ಅವಳು ಆರೂವರೆಯ ಟೆಂಪೋ ಹಿಡಿದಳು. ಬುಧವಾರ ಬಸ್‌ಸ್ಟ್ಯಾಂಡಿನ ಎದುರು ಶಂಕ್ರಪ್ಪ ಸಿಕ್ಕಿಬಿಟ್ಟ.

“ಏನ್ರೀ ಮೇಡಂ, ಫ್ರೀ ಟಿಕೆಟ್ ಬಿಟ್ಟು ಟೆಂಪೋಕ್ಕ ಹೊಂಟೀರಿ? ನಮ್ಮ ಡ್ರೈವರ್ರು ದಿನಾ ಮೂರ್ ಮೂರ್ ಸಲ ರಿವರ್ಸ್ ಹೊಡಿಯಾಕ ಹತ್ಯಾರ್ರಿ. ಮೊದ್ಲು ಒಂದ್ಸಲ ಹೊಡೀತಿದ್ರು.”

“ರಿವರ್ಸಾ? ಎಂತಕ್ಕೆ?”

“ಎಂತಕ್ಕೆ ಅಂತೀರಲ್ರಿ! ನೀವು ಬರೂದು ತಡಾ ಆದ್ರ ಬಸ್ಸು ಹಿಂದ ತಗದು ಮುಂದ ತಗದು ಟೈಮ್ ಕಳೀತಾರ. ನಾಕು ವರ್ಷ ಆತು. ಸೀಟಿ ಊದಿ ಊದಿ ನನಗ ಸಾಕಾಗೈತಿ.”

ತಾನು ಓಡಿ ಬಂದ ದಿನಗಳೆಲ್ಲ ಅವಳಿಗೆ ನೆನಪಾದವು. ಬಸ್ಸು ಹಿಂದಕ್ಕೆ ಸರಿದು, ಸುಮ್ಮನೆ ಮುಂದಕ್ಕೆ ಬಂದು ನಿಲ್ಲುತ್ತಿದ್ದದ್ದನ್ನು ಅವಳು ಅವನ ಚಟವೆಂದುಕೊಂಡಿದ್ದಳು.

*

ಗುರುವಾರ ಅವನಿಗೆ ವಾರದ ರಜೆ, ಮಳಿಗೆಗೂ ರಜೆ. ಬೆಳಿಗ್ಗೆ ಹತ್ತಕ್ಕೆ ಬಿಳಿ ಕಾರು ಸತೀಶನ ಗೇಟಿನ ಎದುರು ಬಂದು ನಿಂತಿತು. ರಿಬ್ಬನ್ ಇನ್ನೂ ತೆಗೆದಿರಲಿಲ್ಲ. ಬಾಗಿಲು ತೆರೆದವನು ಸತೀಶ. ಅಣ್ಣನ ಮುಖ ಅಷ್ಟು ಅರಳಿದ್ದನ್ನು ಗಂಗಾ ಗೃಹಪ್ರವೇಶದ ಮೇಲೆ ನೋಡಿರಲಿಲ್ಲ.

ಅಂದಾನಪ್ಪ ಸೋಫಾದ ತುದಿಯಲ್ಲಿ ಕೂತ. ಪ್ಲಾಸ್ಟಿಕ್ ಕರಕರ ಅಂದಿತು. ಅವಳು ಕಾಫಿ ಟ್ರೇ ಹಿಡಿದು ಬಂದು ಅವನ ಎದುರು ನಿಂತಳು. ನಿಂತ ಜಾಗ ಅದೇ, ಟ್ರೇ ಅದೇ. ನಿದ್ದೆಯಿಲ್ಲದ ಅವನ ಕಣ್ಣು ಕೆಂಪಗಿದ್ದವು.

“ಕಾರು ಹೇಗುಂಟು?” ಅಂದಳು.

“ಅದರ ಚಿಂತಿಗೆ ನಿದ್ದಿ ಹತ್ತವಲ್ದ್ರಿ. ನಾಯಿ ಹತ್ತಿ ಕೂರ್ತೈತಿ, ಮಂದಿ ಗೀರು ಹಾಕ್ತಾರ.”

“ಹಾಗಿದ್ರೆ ಎಂತಕ್ಕೆ ತಗೊಂಡ್ರಿ?”

ಅವನು ಸತೀಶನ ಕಡೆ ನೋಡಿದ. ಸತೀಶ ಟಿವಿಯ ಕಡೆ ನೋಡಿದ. ಟಿವಿ ಆಫ್ ಆಗಿತ್ತು.

“ನಿಮ್ಮಣ್ಣಾರು ಬಸ್‌ಸ್ಟ್ಯಾಂಡಿಗೆ ಬಂದಿದ್ರು, ಫಂಕ್ಷನ್ನಿನ ಹಿಂದಿನ ದಿನ. ತಂಗಿ ಕೆಲಸ ಹೋಗ್ತದ ಅಂದ್ರು. ಮತ್ತ... ಕಾರು ತಗೊಂಡ್ರ ಮನೀಗೆ ಬಂದು ಮಾತಾಡ್ರಿ, ಇಲ್ದಿದ್ರ ಹದಿನೈದು ನಿಮಿಷದ ಮಾತು ಸಾಕು ಅಂದ್ರು.”

“ನಾನು ಕೇಳಿದ್ದು ತಪ್ಪಾ?” ಸತೀಶನ ದನಿ ಏರಿತು. “ನಮ್ಮ ಹುಡುಗಿ ನಾಳೆ ನಾಲ್ಕು ಜನರೆದುರು ಬಸ್ಸಿಗೆ ಕೈ ಮಾಡ್ಕಂಡು ನಿಲ್ಬೇಕಾ? ಇಷ್ಟು ವರ್ಷ ನಿಂತದ್ದು ಸಾಕಾಗ್ಲಿಲ್ವಾ?”

ಆ ಮಾತಿನಲ್ಲಿ ಪ್ರೀತಿ ಇತ್ತು, ಅದೇ ಕಷ್ಟ. ಗಂಗಾ ಟ್ರೇಯನ್ನು ಟೀಪಾಯಿಯ ಮೇಲೆ ಇಟ್ಟಳು. ನಂತರ ಆರು ವರ್ಷದಲ್ಲಿ ಒಮ್ಮೆಯೂ ಮಾಡದ್ದನ್ನು ಮಾಡಿದಳು: ನೋಡಲು ಬಂದವನ ಪಕ್ಕದಲ್ಲಿ ಹೋಗಿ ಕೂತಳು. ಪ್ಲಾಸ್ಟಿಕ್ ಇನ್ನೊಮ್ಮೆ ಕರಕರ ಅಂದಿತು.

“ಅಣ್ಣ, ಜನರಿಗೆ ಬ್ಯಾಡದ್ದನ್ನೆಲ್ಲ ಬೇಕು ಅನ್ನಿಸೂದು ನನ್ನ ಕೆಲಸ. ನಾಲ್ಕು ವರ್ಷದಲ್ಲಿ ನನ್ನ ಮಾತಿಗೆ ಬಗ್ಗದವ್ರು ಇವ್ರೊಬ್ರೇ. ನಾನು ಇಷ್ಟಪಟ್ಟದ್ದು ಅದನ್ನೇ. ನೀನು ಒಂದೇ ದಿನದಲ್ಲಿ ಅವ್ರನ್ನೂ ಬಗ್ಗಿಸ್ದೆ.” ಅವಳು ಅಂದಾನಪ್ಪನ ಕಡೆ ತಿರುಗಿದಳು. “ನಂಗೆ ಈ ಕಾರು ಬ್ಯಾಡ. ನೀವು ಬೇಕು. ಹೇಗೆ ಇದ್ರೋ ಹಾಗೇ.”

ಅವನು ಕಿಸೆಯಿಂದ ಕೀಲಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

“ನಿಮ್ಮ ಸಲುವಾಗಿ ತಗೊಂಡೆ ಗಂಗಾ ಅವರ,” ಅಂದ. “ನೀವು ಬ್ಯಾಡ ಅಂದ್ರ ನನ್ನಷ್ಟು ಹಗುರಾದಾವ ಯಾರಿಲ್ರಿ. ನಾಕು ವರ್ಷದಿಂದ ಹಿಂದ ನೋಡ್ಕೋತ ಗಾಡಿ ಹೊಡದೇನಿ. ಕನ್ನಡಿ ಇಲ್ದ ನಿಮ್ಮನ್ನ ನೋಡಬೇಕು, ಅದೊಂದ ಬೇಕಿತ್ತು.”

ಸತೀಶ ಎದ್ದು ಅಂಗಳಕ್ಕೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಅವನ ದನಿ ಕೇಳಿಸಿತು, ಫೋನಿನಲ್ಲಿ. “ನಂದೊಳ್ಳಿಯವ್ರಲ್ವಾ? ಭಾನುವಾರ ಬರೂದು ಬ್ಯಾಡ... ಇಲ್ಲ, ಅವಳಿಗೆ ಬೇರೆ ಕಡೆ ಕೂಡಿ ಬಂದದೆ.”

*

ಕಾರು ಯಾರದೆಂಬ ಪ್ರಶ್ನೆಯನ್ನು ಇಬ್ಬರೂ ನಾಗಜ್ಜಿಯ ಮುಂದೆ ಇಟ್ಟರು. ಮಿಕ್ಸರಿನ ಒಡತಿ ಅವಳೇ ತಾನೆ. ಅಜ್ಜಿ ಕಾರಿಗೆ ಒಂದು ಸುತ್ತು ಬಂದು, ಸೀಟನ್ನು ಒತ್ತಿ ನೋಡಿ, “ಕೂರೂಕೆ ಮೆತ್ತಗದೆ,” ಅಂದಳು. “ಆದ್ರೆ ನಾಲ್ಕೇ ಜನ. ಇದ್ನ ಮಾರಿ ಸ್ಟಾಪಲ್ಲಿ ಒಂದು ಹಂಚಿನ ಮಾಡು, ಒಂದು ಕಟ್ಟೆ ಕಟ್ಸಿ. ನಂಗೆ ನಿಂತು ನಿಂತು ಸಾಕಾಯ್ತು.” ಹೆಸರು ಬರೆಸೋಣವೇ ಅಂದರೆ, ಬರೆದರೆ ಓದುವವರಾರು, ಬೇಡ ಅಂದಳು.

ಬೇಸಿಗೆಯ ಒಂದು ಬುಧವಾರ ಶಿರಸಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವರ ಮದುವೆಯಾಯಿತು. ಸತೀಶ ಮುಖ ಊದಿಸಿಕೊಂಡೇ ಬಂದು ಸಾಕ್ಷಿಗೆ ಸಹಿ ಹಾಕಿದ, ಆಮೇಲೆ ಹೋಟೆಲಿನಲ್ಲಿ ಎಲ್ಲರಿಗಿಂತ ಜಾಸ್ತಿ ಹೋಳಿಗೆ ತಿಂದ. ದಾಸನಕೊಪ್ಪಕ್ಕೆ, ಅಂದಾನಪ್ಪನ ಮನೆವರೆಗೆ, ತನ್ನ ಕಾರಿನಲ್ಲಿ ಬಿಡುತ್ತೇನೆಂದ. ಗಂಗಾ ಬೇಡವೆಂದಳು, ಅವನೂ ಒತ್ತಾಯ ಮಾಡಲಿಲ್ಲ.

ಆರೂಕಾಲರ ಬಸ್ಸನ್ನು ಅವತ್ತು ಬೇರೆ ಡ್ರೈವರು ಹೊಡೆಯುತ್ತಿದ್ದ. ಅಂದಾನಪ್ಪ ಎಡಗಡೆಯ ಎರಡನೆಯ ಸೀಟಿನಲ್ಲಿ ಅವಳ ಪಕ್ಕ ಕೂತಿದ್ದ. ಪ್ರಯಾಣಿಕನಾಗಿ ಕೂತು ಎಷ್ಟು ವರ್ಷವಾಯಿತೋ. ಮೊದಲ ಎರಡು ತಿರುವಿನಲ್ಲಿ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ಇಸಳೂರು ದಾಟುವಾಗ ಆ ಕಾಲು ಸುಮ್ಮನಾಯಿತು, ತಲೆ ನಿಧಾನಕ್ಕೆ ವಾಲಿ ಅವಳ ಭುಜಕ್ಕೆ ಬಂತು. ಎಷ್ಟೋ ವರ್ಷದ ನಿದ್ದೆ ಅದು.

ಮಾವಿನಮರದ ಸ್ಟಾಪಿನಲ್ಲಿ ಹೊಸ ಮಾಡಿನ ಕೆಳಗೆ ನಾಗಜ್ಜಿ ಕಾಲು ಚಾಚಿ ಕೂತಿದ್ದಳು. ಏನೋ ಕೂಗಲು ಹೊರಟವಳು, ಗಂಗಾ ತುಟಿಯ ಮೇಲೆ ಬೆರಳಿಟ್ಟದ್ದನ್ನು ಕಂಡು ಕೈ ಮಾತ್ರ ಎತ್ತಿದಳು.

ದಾಸನಕೊಪ್ಪ ಬಂತು. ಎಲ್ಲರೂ ಇಳಿದರು. ಡ್ರೈವರು ಎಂಜಿನ್ ಆರಿಸಿ ಚಹಾಕ್ಕೆ ಹೋದ. ಶಂಕ್ರಪ್ಪ ಇವರನ್ನು ಎಬ್ಬಿಸಲೆಂದು ಬಂದು ಬಾಯಿ ತೆರೆದ.

ಗಂಗಾ ಬೇಡವೆಂದು ತಲೆಯಾಡಿಸಿದಳು. “ಇನ್ನೊಂದು ಸ್ವಲ್ಪ ಹೊತ್ತು ಕೂರ್ತೇವೆ,” ಅಂದಳು ಮೆಲ್ಲಗೆ.

“ಕೂರ್ರಿ, ಕೂರ್ರಿ,” ಅಂದ ಶಂಕ್ರಪ್ಪ. “ಏಳು ಅನ್ನೋರು ಯಾರದಾರ?” ಅಂದವನು ಸೀಟಿಯನ್ನು ಕಿಸೆಗೆ ಹಾಕಿಕೊಂಡು ಬಸ್ಸಿನಿಂದ ಇಳಿದು ಹೋದ.